ಆವಕ ಪುಸ್ತಕದಲ್ಲಿ ಅಣ್ಣನ ಅರ್ಜಿಗಳು

ಅಣ್ಣ ಚೀನಾ ಯುದ್ಧ ಮುಗಿಸಿ, ಐದು ತಿಂಗಳು ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಹೊಳನಗದ್ದೆಯ ಮನೆಗೆ ಮರಳಿದ್ದು ಏಪ್ರಿಲ್ ಕೊನೆಯ ವಾರ. ಆ ದಿನದ ನನ್ನ ನೋಟ್‌ಬುಕ್ಕಿನ ಪುಟದಲ್ಲಿ ನಾಲ್ಕೇ ಸಾಲುಗಳಿವೆ. ಗಾಳಿ ಪಡುವಣದ್ದು. ಈರುಳ್ಳಿ ಗೊಂಚಲು ಅರವತ್ತೆರಡು, ಅದರಲ್ಲಿ ಅತ್ತಿಗೆ ಕಟ್ಟಿದ್ದು ನಲವತ್ತು. ಅಣ್ಣ ಹನ್ನೊಂದರ ಬಸ್ಸಿಗೆ ಬಂದ. ಎಡಗಾಲಿನ ಮೂರು ಬೆರಳು ಇಲ್ಲ.

ನನಗೆ ಆಗ ಹತ್ತೊಂಬತ್ತು. ಕುಮಟೆಯಲ್ಲಿ ಮೆಟ್ರಿಕ್ ಮುಗಿಸಿ, ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಬದಲಿ ಶಿಕ್ಷಕಿಯಾಗಿ ಸೇರಿದ್ದೆ. ಪಾಠ ಹೇಳುವುದಕ್ಕಿಂತ ಹಾಜರಿ ಪುಸ್ತಕ ತುಂಬುವುದು ನನಗೆ ಚೆನ್ನಾಗಿ ಬರುತ್ತಿತ್ತು. ಮನೆಯಲ್ಲೂ ಅದೇ ಚಾಳಿ. ಯಾವ ದಿನ ಎಷ್ಟು ಗೊಂಚಲು, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಬಾವಿಯ ನೀರು ಎಷ್ಟು ಮೆಟ್ಟಿಲು ಇಳಿಯಿತು, ಎಲ್ಲ ಬರೆದಿಡುತ್ತಿದ್ದೆ. ಯಾರೂ ಕೇಳಿರಲಿಲ್ಲ. ಬರೆಯದೆ ಮಲಗಿದರೆ ಬಾಗಿಲು ಹಾಕದೆ ಮಲಗಿದ ಹಾಗೆ ಆಗುತ್ತಿತ್ತು.

ಅಣ್ಣ ಬಂದ ಮೂರನೆಯ ದಿನದಿಂದ ಪುಟದ ಬಲ ಅಂಚಿನಲ್ಲಿ ಹೊಸ ಲೆಕ್ಕ ಶುರುವಾಯಿತು. ಅವನು ನಿದ್ದೆಯಲ್ಲಿ ಕೂಗಿದ ರಾತ್ರಿಗೆ ಒಂದು ಗೀಟು. ಕೂಗದಿದ್ದರೆ ಖಾಲಿ. ಮೇ ತಿಂಗಳ ಮೂವತ್ತೊಂದು ರಾತ್ರಿಗಳಲ್ಲಿ ಇಪ್ಪತ್ತೆರಡು ಗೀಟು.

ಅವ್ವ ಒಂದು ಬೆಳಿಗ್ಗೆ ಅದನ್ನು ನೋಡಿದಳು. ಅವಳಿಗೆ ಓದಲು ಬಾರದು, ಗೀಟು ಎಣಿಸಲು ಬರುತ್ತಿತ್ತು.

"ಎಂತಕ್ಕೆ ಬರೀತೆ ಇದನ್ನ? ಬರೆದ್ರೆ ಕಮ್ಮಿ ಆತದಾ?"

"ಆಗುದಿಲ್ಲ."

"ಹಾಂಗಾರೆ?"

"ಜಾಸ್ತಿ ಆದ್ರೆ ಗೊತ್ತಾಗ್ತದೆ."

"ಅದು ಗೊತ್ತಾಗುಕೆ ಪುಸ್ತಕ ಬೇಕಾ ಮಾರಾಯ್ತಿ? ನೆರೆಮನೆಯವ್ರ ಕೇಳು, ಸಮಾ ಹೇಳ್ತ್ರು."

ನೆರೆಮನೆಯವರು ಎದುರಿಗೆ ಏನೂ ಹೇಳುತ್ತಿರಲಿಲ್ಲ. ಅಣ್ಣ ಯುದ್ಧಕ್ಕೆ ಹೋದಾಗ ಅವನ ಹೆಸರಿನಲ್ಲಿ ತೆಂಗಿನಕಾಯಿ ಒಡೆಸಿದವರು ಅವರು. ಈಗ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ನಿಲ್ಲುತ್ತಿದ್ದರು. ನಾವೆಲ್ಲ ಹಾಗೇ ಇದ್ದೆವು. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ಕುರ್ಚಿಯಲ್ಲೇ ತೂಕಡಿಸಿದೆ; ಎಚ್ಚರವಾದಾಗ ಮಕ್ಕಳು ಹದಿನೇಳರ ಮಗ್ಗಿ ಮುಗಿಸಿ ತಮ್ಮಷ್ಟಕ್ಕೇ ಹದಿನೆಂಟಕ್ಕೆ ಹೋಗಿದ್ದರು.

ಅಣ್ಣ ಹಗಲಿನಲ್ಲಿ ಸರಿಯಾಗೇ ಇದ್ದ. ಗದ್ದೆಯ ಅಂಚು ಕಟ್ಟುತ್ತಿದ್ದ, ಅವ್ವನಿಗೆ ಕಟ್ಟಿಗೆ ಒಡೆದು ಕೊಡುತ್ತಿದ್ದ. ಅವನು ದೂರದಲ್ಲಿದ್ದಾಗ ಹುಟ್ಟಿದ ಮಗಳು ಅವನನ್ನು ಕಂಡು ಅಳುತ್ತಿದ್ದಳು. ಅವನು ಬಲವಂತ ಮಾಡುತ್ತಿರಲಿಲ್ಲ. ಯುದ್ಧದ ಮಾತನ್ನು ಮಾತ್ರ ಆಡುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಚಳಿ" ಎನ್ನುತ್ತಿದ್ದ, ಅಷ್ಟೇ.

ಜೂನ್ ಎರಡನೆಯ ವಾರ ಒಂದು ರಾತ್ರಿ ಅವನು ನಿದ್ದೆಯಲ್ಲೇ ಎದ್ದು, ಪಕ್ಕದಲ್ಲಿ ಮಲಗಿದ್ದ ಅತ್ತಿಗೆಯ ಎಡಗೈ ಹಿಡಿದು, ಚಾಪೆಯಿಂದ ಹೊಸ್ತಿಲವರೆಗೆ ಎಳೆದುಕೊಂಡು ಬಂದ. "ಬಾ, ಬಾ, ಇನ್ನು ಸ್ವಲ್ಪವೇ" ಎಂದು ಪಲ್ಟನ್ನಿನಲ್ಲಿ ಕಲಿತ ಮರಾಠಿಯಲ್ಲಿ ಹೇಳುತ್ತಿದ್ದ. ನಾನೂ ಅವ್ವನೂ ಅವನನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಅತ್ತಿಗೆಯ ಭುಜದ ಕೀಲು ತಪ್ಪಿತ್ತು. ಬೆಳಿಗ್ಗೆ ಮಿರ್ಜಾನದಿಂದ ಕೀಲು ಕೂರಿಸುವವನನ್ನು ಕರೆಸಿದೆವು. ಅಣ್ಣ ಅವನು ಹೋಗುವವರೆಗೂ ಹೊರಗೆ ಮಳೆಯಲ್ಲಿ ನಿಂತಿದ್ದ.

ಮೂರನೆಯ ದಿನ ಹಿರೇಗುತ್ತಿಯಿಂದ ಅತ್ತಿಗೆಯ ಅಪ್ಪ ಬಂದರು. ನಾವು ಅವರನ್ನು ಮಾವ ಎನ್ನುತ್ತಿದ್ದೆವು. ಅವರು ಕೂಗಾಡುವ ಮನುಷ್ಯರಲ್ಲ. ಕೊಟ್ಟ ಬೆಲ್ಲ ನೀರು ಕುಡಿದು, ಮಗಳ ಕೈಯನ್ನು ತಿರುಗಿಸಿ ನೋಡಿ, ಅಣ್ಣನ ಕಡೆ ತಿರುಗಿದರು.

"ಇದು ನನ್ನ ಮಗಳ ಕೈ. ಬಾವಿ ಹಗ್ಗ ಅಲ್ಲ."

ಅಣ್ಣ ಅವರ ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟ.

"ನೀವು ಕೆಟ್ಟವ್ರು ಅಂತ ನಾ ಹೇಳುದಿಲ್ಲ. ಆದ್ರೆ ನಾಳೆ ಎಳೆಯುದು ಮಗುವನ್ನೇ ಆದ್ರೆ? ಅದಕ್ಕೆ ಕೀಲು ಕೂರಿಸುಕೆ ಆತದಾ?"

ಆಮೇಲೆ ನನ್ನನ್ನು ಕರೆದರು. "ಅಕ್ಕೋರೆ, ನೀವು ದಿನಾ ಗೀಟು ಹಾಕ್ತ್ರಿ ಅಂತ ಮಗಳು ಹೇಳ್ತು. ಸಾಲಾಗಿ ಮೂವತ್ತು ರಾತ್ರಿ ಗೀಟಿಲ್ಲದ್ದು ತೋರ್ಸಿ. ನಾನೇ ಕರ್ಕೊಂಡು ಬಂದು ಬಿಡ್ತೆ."

ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುವುದು ಮರ್ಯಾದೆಗೆ. ಮಾವ ಅದನ್ನು ಮರ್ಯಾದೆಗೇ ಹೇಳಿದ್ದರು. ಹಾಗೆ ನನ್ನ ಪುಸ್ತಕ ಎರಡು ಮನೆಗಳ ನಡುವಿನ ಕರಾರು ಪತ್ರವಾಯಿತು. ಅತ್ತಿಗೆ ಮಗುವನ್ನು ಬಲಗೈಯಲ್ಲಿ ಎತ್ತಿಕೊಂಡು ಹೊರಟಳು. ಅಣ್ಣ ಬಸ್ಸಿನವರೆಗೆ ಹತ್ತು ಹೆಜ್ಜೆ ಹಿಂದೆ ನಡೆದ.

ಆಗಸ್ಟಿನಲ್ಲಿ ಅವನ ಕಾಲಿನ ಗಾಯದ ಪೆನ್ಶನ್ನಿಗೆ ಒಂದು ಹೇಳಿಕೆ ಬೇಕೆಂದು ಕಾಗದ ಬಂತು. ಗಾಯ ಎಲ್ಲಿ, ಹೇಗೆ, ಯಾವ ಸಂದರ್ಭದಲ್ಲಿ ಆಯಿತು ಎಂದು ವಿವರವಾಗಿ ಬರೆಯಬೇಕಿತ್ತು. ಅಣ್ಣ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಅಕ್ಷರ ಮುತ್ತಿನಂಥದ್ದು. ಆದರೆ ಎಂಟು ದಿನ ಕೂತರೂ ಒಂದು ಸಾಲು ಬರಲಿಲ್ಲ. ಹೊನ್ನಾವರದ ಮಾಮಲೇದಾರರ ತಾಲೂಕು ಕಚೇರಿಯ ಎದುರು ಅರ್ಜಿ ಬರೆಯುವ ಸಾಹೇಬರೊಬ್ಬರಿದ್ದಾರೆ, ಅವರೂ ಸಿಪಾಯಿಯಾಗಿದ್ದವರೇ ಎಂದು ಯಾರೋ ಹೇಳಿದರು. ಅಣ್ಣ ಬಸ್ಸಿನಲ್ಲಿ ಒಬ್ಬನೇ ಕೂರುತ್ತಿರಲಿಲ್ಲ. ರಜೆ ಹಾಕಿ ನಾನೂ ಹೋದೆ.

ಸಾಹೇಬರು ಭಟ್ಕಳದವರು. ಜಪಾನಿನವರ ಜೊತೆ ಯುದ್ಧವಾದಾಗ ಬರ್ಮಾದಲ್ಲಿ ಪಲ್ಟನ್ನಿನ ಕಾರಕೂನರಾಗಿದ್ದರಂತೆ. ಮಾವಿನ ಮರದ ಕೆಳಗೆ ತಗಡಿನ ಮಾಡು, ಒಂದು ಇಳಿಜಾರು ಡೆಸ್ಕು, ಒಂದು ಕಬ್ಬಿಣದ ಪೆಟ್ಟಿಗೆ, ಎರಡು ದಪ್ಪ ಪುಸ್ತಕ. ಬಂದ ಕಾಗದ ದಾಖಲಿಸುವುದು ಆವಕ, ಹೋದ ಕಾಗದ ದಾಖಲಿಸುವುದು ಜಾವಕ; ಮುಂಬಯಿ ಸರಕಾರದ ಕಾಲದಿಂದ ನಮ್ಮ ಕಚೇರಿಗಳಲ್ಲೆಲ್ಲ ಅದೇ ಪದ್ಧತಿ. ಒಬ್ಬ ಖಾಸಗಿ ಮನುಷ್ಯ ಅರ್ಜಿ ಬರೆದುಕೊಡುವುದಕ್ಕೆ ಆವಕ ಪುಸ್ತಕ ಯಾಕೆ ಎಂದು ನನಗೆ ಮೊದಲೇ ಅನುಮಾನ ಬಂತು.

ಪೆನ್ಶನ್ನಿನ ಹೇಳಿಕೆಯನ್ನು ಅವರು ಹತ್ತು ನಿಮಿಷದಲ್ಲಿ ಬರೆದು ಮುಗಿಸಿದರು. ಆಮೇಲೆ ಕನ್ನಡಕ ತೆಗೆದು ಅಣ್ಣನನ್ನು ನೋಡಿದರು.

"ಸಿಪಾಯಿ, ರಾತ್ರಿ ಚಿಲ್ಲಾಯಿಸ್ತಿಯಾ?"

ಅಣ್ಣ ನನ್ನ ಕಡೆ ನೋಡಿದ. "ಇವ್ಳು ಗೀಟು ಹಾಕ್ತಾಳೆ" ಎಂದ.

"ಅಚ್ಛಾ! ಮನೆಯಲ್ಲೇ ದಫ್ತರ ಇದೆ." ಅವರು ನಕ್ಕರು. "ಭಟ್ಕಳ, ಹೊನ್ನಾವರ, ಕುಮಟಾ, ಮೂರು ತಾಲೂಕು ಸೇರಿ ಚಿಲ್ಲಾಯಿಸೋ ಸಿಪಾಯಿಗಳು ಏಳು ಜನ ನನ್ನ ಹತ್ರ ಇದ್ದಾರೆ. ನೀನು ಎಂಟು. ನನ್ನನ್ನ ಬಿಟ್ಟು."

ಅವರ ಕ್ರಮ ಹೀಗಿತ್ತು. ಕನಸಿನಲ್ಲಿ ಬಂದದ್ದನ್ನು ಬೆಳಿಗ್ಗೆ ಅರ್ಜಿಯ ರೂಪದಲ್ಲಿ ಬರೆಯಬೇಕು. ಒಂದೇ ಹಾಳೆ. ಮೇಲೆ ತಾರೀಖು, ಯಾರಿಗೆ ಎಂಬುದು, ವಿಷಯ ಒಂದು ಸಾಲು. ಆಮೇಲೆ ಕಣ್ಣಾರೆ ಕಂಡದ್ದು ಮಾತ್ರ. ಕೊನೆಗೆ ವಿನಂತಿ, ಸಹಿ. ಹದಿನೈದು ದಿನಕ್ಕೊಮ್ಮೆ ತಂದು ಕೊಟ್ಟರೆ ಅವರು ಆವಕದಲ್ಲಿ ನಂಬರು ಹಾಕಿ, ಹಾಳೆಯ ಮೂಲೆಗೆ ಮೊಹರು ಒತ್ತಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಯಾರಿಗೆ ಕಳಿಸುದು?" ಅಣ್ಣ ಕೇಳಿದ.

"ಯಾರಿಗೂ ಇಲ್ಲ. ದಾಖಲಾಯ್ತು, ಬಸ್. ದಾಖಲಾದ ಕಾಗದ ದಫ್ತರದ್ದು, ನಿಂದಲ್ಲ. ಅದನ್ನ ನೀನು ರಾತ್ರಿ ಮತ್ತೆ ಮತ್ತೆ ತೆಗೆದು ನೋಡೋ ಹಾಗಿಲ್ಲ."

"ಇದ್ರಿಂದ ನಿಲ್ತದಾ?"

"ನಂದು ನಿಂತಿಲ್ಲ. ಬರ್ಮಾದಿಂದ ಬಂದು ಹದಿನೆಂಟು ವರ್ಷ. ಈಗ ಮಳೆಗಾಲದಲ್ಲಿ ಮಾತ್ರ ಬರ್ತದೆ. ಮಳೆಗಾಲ ಅಂದ್ರೆ ನಮ್ಮಲ್ಲಿ ಕಮ್ಮಿ ಅಲ್ಲ ಬಿಡು."

ಅಣ್ಣನ ಮೊದಲ ಅರ್ಜಿ ಎರಡೂವರೆ ಸಾಲಿನದ್ದು. ಸಾಹೇಬರು ಅದನ್ನು ದಾಖಲಿಸದೆ ಹಿಂದಕ್ಕೆ ಕೊಟ್ಟರು. "‘ಭಯಂಕರ ದೃಶ್ಯ’ ಅಂತ ಬರೆದಿದ್ದೀಯ. ಅರ್ಜಿಯಲ್ಲಿ ಭಯಂಕರ ಬರೋದಿಲ್ಲ. ಎಷ್ಟು ಗಂಟೆಗೆ? ಎಷ್ಟು ಜನ? ಯಾವ ಕೈ? ಮಾಮಲೇದಾರರು ಕೇಳಿದ ಹಾಗೆ ನಿನ್ನನ್ನ ನೀನೇ ಕೇಳು."

ಎರಡನೆಯದು ಅರ್ಧ ಹಾಳೆ ಆಯಿತು. ಐದನೆಯದು ಪೂರ್ತಿ. ಅವನು ಬೆಳಿಗ್ಗೆ ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಮರದ ಮಣೆ ಇಟ್ಟುಕೊಂಡು ಬರೆಯುತ್ತಿದ್ದ. ಬರೆದ ಮೇಲೆ ಗದ್ದೆಗೆ ಹೋಗಲಾರದಷ್ಟು ದಣಿದಿರುತ್ತಿದ್ದ. ನಾನು ಒಂದನ್ನೂ ಓದಲಿಲ್ಲ. ಒಮ್ಮೆ ಕೈ ಚಾಚಿದಾಗ ಸಾಹೇಬರು "ಬೇಟಿ, ದಫ್ತರದ ಕಾಗದ" ಎಂದಷ್ಟೇ ಹೇಳಿದ್ದರು. ಆದರೆ ಪ್ರತಿ ಸಲವೂ ಅವರು ಹಾಳೆಯ ಬುಡ ನೋಡಿ "ವಿನಂತಿ ಎಲ್ಲಿ?" ಎನ್ನುವುದು ನನಗೆ ಕೇಳುತ್ತಿತ್ತು. ಅಣ್ಣ ಅದೊಂದು ಸಾಲು ಬರೆಯುತ್ತಿರಲಿಲ್ಲ.

"ಎಂತ ಬೇಡುದು ಅಂತ ಗೊತ್ತಾಗುದಿಲ್ಲ ಸಾಹೇಬ್ರೆ."

"ಬೇಡದೇ ಇದ್ದದ್ದು ಅರ್ಜಿ ಅಲ್ಲ, ವರದಿ. ಆಯ್ತು, ‘ಅಪೂರ್ಣ’ ಅಂತ ಬರ್ಕೊಳ್ತೇನೆ."

ಹೀಗೆ ಇಪ್ಪತ್ತಾರು ಅರ್ಜಿಗಳು ‘ಅಪೂರ್ಣ’ ಎಂಬ ಷರಾದೊಂದಿಗೆ ಪೆಟ್ಟಿಗೆ ಸೇರಿದವು.

ನನ್ನ ಪುಸ್ತಕದಲ್ಲಿ ಸೆಪ್ಟೆಂಬರಿಗೆ ಹದಿನೇಳು ಗೀಟು, ಅಕ್ಟೋಬರಿಗೆ ಹದಿನಾಲ್ಕು, ನವೆಂಬರಿಗೆ ಒಂಬತ್ತು. ಡಿಸೆಂಬರ್ ಹದಿನಾಲ್ಕರಂದು ಒಂದು ಗೀಟು ಬಿದ್ದ ಮೇಲೆ ಪುಟಗಳ ಅಂಚು ಖಾಲಿಯಾಗುತ್ತ ಹೋಯಿತು. ಹತ್ತು ದಿನ. ಹದಿನೈದು. ಅವ್ವ ಬೆಳಿಗ್ಗೆ ಬಂದು "ಇವತ್ತು?" ಎಂದು ಕೇಳುವುದು, ನಾನು ತಲೆ ಅಲ್ಲಾಡಿಸುವುದು. ಇಪ್ಪತ್ತಾದಾಗ ಅವಳು ಮಗುವಿನ ತೊಟ್ಟಿಲಿನ ಹಗ್ಗ ಬದಲಿಸಿದಳು.

ಇಪ್ಪತ್ತೊಂದನೆಯ ರಾತ್ರಿ ಅಣ್ಣ ಕೂಗಿದ. ದೊಡ್ಡದಾಗಿ ಅಲ್ಲ, ಒಂದೇ ಸಲ. ಅವ್ವನಿಗೆ ಎಚ್ಚರವಾಗಲಿಲ್ಲ. ಬೆಳಿಗ್ಗೆ ನಾನು ಪೆನ್ಸಿಲು ಹಿಡಿದು ತುಂಬ ಹೊತ್ತು ಕೂತಿದ್ದೆ. ಎಂಟು ತಿಂಗಳಿನಿಂದ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಮತ್ತೆ ಒಂದರಿಂದ ಎಣಿಸುವ ತ್ರಾಣ ನನಗಿರಲಿಲ್ಲ. ಅವ್ವ ಬಂದು "ಇವತ್ತು?" ಎಂದಾಗ ತಲೆ ಅಲ್ಲಾಡಿಸಿದೆ. ಇಪ್ಪತ್ತೇಳನೆಯ ರಾತ್ರಿಗೂ ಹಾಗೇ ಮಾಡಿದೆ. ಎರಡನೆಯ ಸಲ ಅಷ್ಟು ಹೊತ್ತು ಬೇಕಾಗಲಿಲ್ಲ.

ಜನವರಿಯಲ್ಲಿ, ಮೂವತ್ತು ತುಂಬಿದ ಮೇಲಿನ ಸಂತೆಯ ದಿನ, ಮಾವ ಕುಮಟೆಗೆ ಬಂದವರು ನಮ್ಮಲ್ಲಿಗೂ ಬಂದರು. ನಾನು ಪುಸ್ತಕ ಬಿಡಿಸಿ ಕೊಟ್ಟೆ. ಒಂದೊಂದು ತಾರೀಖಿನ ಮೇಲೂ ಬೆರಳಿಟ್ಟು ಎಣಿಸಿದರು.

"ಮೂವತ್ತು. ಆತು. ಬರುವ ಸೋಮವಾರ ಕರ್ಕೊಂಡು ಬತ್ತೆ."

ಅವ್ವ ಒಳಗೆ ಹೋಗಿ ಅತ್ತಳು. ಅಣ್ಣ ಗದ್ದೆಯಿಂದ ಬಂದಾಗ ಅವಳೇ ಓಡಿಹೋಗಿ ಹೇಳಿದಳು. ಅವನು ಕೈಕಾಲು ತೊಳೆದು ನನ್ನ ಹತ್ತಿರ ಬಂದು ಕುಳಿತ.

"ಎಷ್ಟು ತೋರ್ಸಿದೆ?"

"ಮೂವತ್ತು."

"ಎರಡು ಸಲ ಆಗಿದೆ. ಗಂಟಲು ನಂದೇ ಅಲ್ದಾ, ಬೆಳಿಗ್ಗೆ ಉರೀತದೆ."

ನಾನು ಏನೋ ಹೇಳಲು ಹೋದೆ. ಎರಡೇ ಅಲ್ಲವಾ, ಮೊದಲಿನ ಹಾಗೆ ಏಳಲಿಲ್ಲವಲ್ಲ, ಎಂಬಂಥದ್ದು. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

"ತಂಗಿ, ನಿನ್ನ ಪುಸ್ತಕ ನಂಬಿ ಅವ್ಳು ಮಗು ತಂದು ನನ್ನ ಪಕ್ಕ ಮಲಗಿಸ್ತಾಳೆ. ಮೂವತ್ತೊಂದನೇ ದಿನ ನಾನು ಎದ್ರೆ? ಆಗ ಗೀಟು ಎಲ್ಲಿ ಹಾಕ್ತೆ?"

ಮರುದಿನ ಬೆಳಿಗ್ಗೆ ಅವನು ಕಟ್ಟೆಯ ಮೇಲೆ ಕೂತು ಬರೆದ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಹಾಳೆಯನ್ನು ನನ್ನ ಕೈಗೆ ಕೊಟ್ಟು "ಓದು. ಇದ್ರಾಗೆ ನಿನ್ನ ತಪ್ಪೂ ಇದೆ" ಎಂದ. ನಾನು ಓದಿದ ಅವನ ಮೊದಲ ಅರ್ಜಿ ಅದು. ಅತ್ತಿಗೆಯ ಹೆಸರಿಗೆ ಬರೆದಿದ್ದ.

ವಿಷಯ: ಗೀಟಿನ ಪುಸ್ತಕದ ತಿದ್ದುಪಡಿ. ಕಳೆದ ಮೂವತ್ತು ರಾತ್ರಿಗಳಲ್ಲಿ ಎರಡು ರಾತ್ರಿ ತಾನು ಕೂಗಿದ್ದು, ತಂಗಿ ಅದನ್ನು ಬರೆಯಲಿಲ್ಲ. ಕನಸು ಯಾವಾಗಲೂ ಒಂದೇ. ಬೆಟ್ಟದಿಂದ ಹಿಂದೆ ಇಳಿಯುವಾಗ ಸಾತಾರಾ ಕಡೆಯ ಜೊತೆಗಾರನಿಗೆ ತೊಡೆಗೆ ಗುಂಡು ಬಿದ್ದಿತ್ತು. ತಾನು ಅವನ ಎಡಗೈ ಹಿಡಿದು ಹಿಮದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಎಳೆದ. ಆಮೇಲೆ ತನ್ನ ಕಾಲು ನಡೆಯಲಿಲ್ಲ. ಬಂಡೆಯ ಮರೆಗೆ ಅವನನ್ನು ಒರಗಿಸಿ, ಅರ್ಧ ಕಂಬಳಿ ಹೊದೆಸಿ, ಜನ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಹೋದ. ಹಿಂದಿರುಗಲಿಲ್ಲ. ಜೂನ್ ತಿಂಗಳಲ್ಲಿ ಹೆಂಡತಿಯ ಕೈ ಎಳೆದದ್ದು ಅವನ ಕೈ ಎಂದು ತಿಳಿದು. ಹಾಳೆಯ ಬುಡದಲ್ಲಿ ವಿನಂತಿ ಇತ್ತು: ಇಷ್ಟು ತಿಳಿದ ಮೇಲೆ ಬರುವುದಾದರೆ ಬರಬೇಕು, ಬಂದರೆ ತನ್ನಿಂದ ದೂರ ಮಲಗಬೇಕು, ಬರದಿದ್ದರೆ ದೂರುವುದಿಲ್ಲ.

ಶನಿವಾರ ಶಾಲೆ ಅರ್ಧ ದಿನ. ಮಿರ್ಜಾನದಲ್ಲಿ ಹೊಳೆ ದಾಟಿ ಹಿರೇಗುತ್ತಿಗೆ ನಾನೇ ಒಯ್ದೆ. ಅತ್ತಿಗೆ ನಾಲ್ಕನೆಯ ಇಯತ್ತೆ ಓದಿದವಳು. ಜಗಲಿಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತ, ಅಕ್ಷರದ ಕೆಳಗೆ ಬೆರಳು ಜರುಗಿಸುತ್ತ ಓದಿದಳು. ಮಾವ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದರು. ತಪ್ಪನ್ನು ನಾನೇ ಮೊದಲು ಹೇಳಿದ್ದೆ.

"ಅಂದ್ರೆ ಮೂವತ್ತಲ್ಲ."

"ಇಪ್ಪತ್ತೆಂಟು."

"ಇಪ್ಪತ್ತೆಂಟೂ ಅಲ್ಲ. ಸಾಲಾಗಿ ಅಂದಿದ್ದೆ ನಾನು. ಮಕ್ಕಳಿಗೂ ಹೀಂಗೇ ಲೆಕ್ಕ ಕಲಿಸುದಾ ಅಕ್ಕೋರೆ?"

ಅತ್ತಿಗೆ ಹಾಳೆ ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು. "ನೀ ಹೊರಡು, ಕತ್ತಲಾಗ್ತದೆ" ಎಂದಳು.

ಸೋಮವಾರ ಯಾರೂ ಬರಲಿಲ್ಲ. ಅವ್ವ ನನ್ನೊಡನೆ ಮಾತು ಬಿಟ್ಟಳು. ಅಣ್ಣ ಬೆಳಿಗ್ಗೆ ಬರೆಯುವುದನ್ನೂ ಬಿಟ್ಟ. ಗುರುವಾರ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ಅತ್ತಿಗೆ ಅಂಗಳದಲ್ಲಿ ನಿಂತು ಮಗುವಿನ ಕಾಲಿನ ಧೂಳು ತೊಳೆಯುತ್ತಿದ್ದಳು. ಮಾವ ಜೊತೆಗಿರಲಿಲ್ಲ.

"ಅಪ್ಪ ಬೇಡ ಅಂದ್ರು. ನಾನು ಬಂದೆ" ಎಂದಳು ಅವ್ವನಿಗೆ. ಆಮೇಲೆ, ಬಾಗಿಲ ಹೊರಗೇ ನಿಂತಿದ್ದ ಅಣ್ಣನಿಗೆ: "ಮೂವತ್ತು ರಾತ್ರಿಯ ಕರಾರು ಅಪ್ಪಂದು. ನಾ ಕೇಳಿರ್ಲಿಲ್ಲ. ನಾನೂ ಮಗುವೂ ಅತ್ತೆಯ ಕೋಣೆಯಲ್ಲಿ ಮಲಗ್ತೇವೆ, ಒಳಗಿಂದ ಅಗಳಿ ಹಾಕ್ಕಂಡು. ಇಷ್ಟು ದಿನ ಎಂತ ಆಗಿದೆ ಅಂತ ನೀವು ಯಾಕೆ ಹೇಳ್ಲಿಲ್ಲ? ನನಗೆ ಸಿಟ್ಟಲ್ಲಿ ಎಳೆದದ್ದೋ ಅಂತ ಆಗಿತ್ತು."

"ಸಿಟ್ಟಲ್ಲ" ಎಂದ ಅಣ್ಣ.

"ಈಗ ಗೊತ್ತಾತು." ಅವಳು ಮಗುವನ್ನು ಅವ್ವನ ಕೈಗೆ ಕೊಟ್ಟು, ಸೆರಗಿನ ಗಂಟು ಬಿಚ್ಚಿ ಹಾಳೆ ತೆಗೆದಳು. "ಒಂದು ಕೇಳ್ತೆ. ಅವ್ರಿಗೆ ಹೆಂಡತಿ ಇತ್ತಾ?"

"ಇತ್ತು."

"ಆ ಹೆಂಗ್ಸಿಗೆ ಯಾರಾದ್ರೂ ಹೇಳಿದ್ರಾ, ಕಂಬಳಿ ಹೊದೆಸಿದ್ದು, ಅಷ್ಟು ದೂರ ಎಳೆದದ್ದು?"

"ಸತ್ತ ಅಂತ ತಾರು ಹೋಗಿರ್ತದೆ. ಉಳಿದದ್ದು ಯಾರಿಗೆ ಗೊತ್ತು? ನಾನೊಬ್ನೇ."

"ಹಾಂಗಾರೆ ಆ ಹೆಂಗ್ಸಿಗೇ ಬರೀರಿ. ನನ್ನತ್ರ ಬೇಡುದು ಎಂತ ಇಲ್ಲ, ನಾ ಬಂದಾತು. ಬೇಡುದಿದ್ರೆ ಅದರತ್ರ."

ಅಣ್ಣ ಆ ಕಾಗದ ಬರೆಯಲು ಹತ್ತೊಂಬತ್ತು ದಿನ ತೆಗೆದುಕೊಂಡ. ಆ ದಿನಗಳಲ್ಲಿ ಕೂಗುವುದು ಮತ್ತೆ ಹೆಚ್ಚಾಯಿತು; ಅತ್ತಿಗೆ ಅಗಳಿಯ ಒಳಗಿಂದ "ನಾನು ಇಲ್ಲಿದ್ದೆ, ಮಲಗಿ" ಎಂದು ಕೂಗಿ ಹೇಳುತ್ತಿದ್ದಳು. ಜೊತೆಗಾರನ ಊರಿನ ಹೆಸರು ಅವನಿಗೆ ನೆನಪಿತ್ತು. ಅಣ್ಣನ ಮರಾಠಿ ಮಾತಿಗಷ್ಟೇ, ಬರೆಯಲು ಬಾರದು; ಕನ್ನಡದಲ್ಲಿ ಬರೆದದ್ದನ್ನು ಮರಾಠಿಗೆ ಮಾಡಿಸಲು ನಾವೆಲ್ಲ ಹೊನ್ನಾವರಕ್ಕೆ ಹೋದೆವು. ಅತ್ತಿಗೆಯೂ ಮಗುವನ್ನು ಎತ್ತಿಕೊಂಡು ಬಂದಳು.

ಸಾಹೇಬರು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಬುಡದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಈ ಸಲ "ವಿನಂತಿ ಎಲ್ಲಿ" ಎಂದು ಕೇಳಲಿಲ್ಲ. ಮರಾಠಿಯಲ್ಲಿ ನಿಧಾನವಾಗಿ ಬರೆದರು. ಎರಡು ಕಡೆ ನಿಂತು, "ಇದು ಹೀಗೇ ಇರಲಾ?" ಎಂದು ಕೇಳಿದರು. ಅಣ್ಣ ಹೌದೆಂದ. ಆವಕದ ಪುಸ್ತಕ ಮುಚ್ಚಿ, ಜಾವಕದ್ದು ತೆರೆದು ನಂಬರು ಹಾಕಿದರು.

"ಜವಾಬು ಬರದೇ ಇರಬಹುದು ಸಿಪಾಯಿ. ಬೈದೂ ಬರೀಬಹುದು."

"ಬೈದ್ರೆ ಬೈಲಿ" ಎಂದ ಅಣ್ಣ. "ಬೈಯುಕೆ ಅವ್ಳಿಗೆ ಯಾರೂ ಸಿಕ್ಕಿರ್ಲಿಕ್ಕಿಲ್ಲ."

ಅಂಚೆ ಕಚೇರಿಯ ಡಬ್ಬಿಗೆ ಅವನೇ ಹಾಕಿದ. ಹಾಕಿದ ಮೇಲೂ ಕೈಯನ್ನು ಡಬ್ಬಿಯ ಬಾಯಿಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ, ಹಿಂದೆ ನಿಂತವರು ಗೊಣಗುವವರೆಗೆ. ಅಲ್ಲಿಂದ ಬಸ್ ನಿಲ್ದಾಣಕ್ಕೆ ಬಂದೆವು. ಬಿಸಿಲು ನೆತ್ತಿಗೆ ಬಂದಿತ್ತು. ಕಲ್ಲು ಬೆಂಚಿನ ಮೇಲೆ ಕೂತವನು ಎರಡು ಮಾತಿನ ನಡುವೆ ಕತ್ತು ವಾಲಿಸಿ ನಿದ್ದೆ ಹೋದ. ಹಗಲಿನಲ್ಲಿ ಅವನು ಮಲಗಿದ್ದನ್ನು ನಾನು ನೋಡಿರಲಿಲ್ಲ. ಕುಮಟೆಯ ಬಸ್ಸು ಬಂದು ಹಾರ್ನ್ ಹೊಡೆಯಿತು. ಅವನು ಅಲ್ಲಾಡಲಿಲ್ಲ.

"ಎಬ್ಬಿಸ್ಲಾ?" ಎಂದೆ.

ಅತ್ತಿಗೆ ಬೇಡವೆಂದು ಕೈ ಮಾಡಿದಳು. ಅವನ ಪಕ್ಕ, ಒಂದು ಮೊಳ ಬಿಟ್ಟು ಕೂತಿದ್ದಳು. ಕಂಡಕ್ಟರ್ "ಕುಮಟಾ, ಕುಮಟಾ, ಹತ್ತುದಾ ಇಲ್ವಾ ಅಕ್ಕ?" ಎಂದು ನಮ್ಮ ಮುಖಕ್ಕೇ ಕೂಗಿದ. ಅವಳು "ಮುಂದಿನದಕ್ಕೆ ಬತ್ತೇವೆ" ಎಂದಳು. ಮಗು ಅವಳ ತೊಡೆಯಿಂದ ಇಳಿದು, ಬೆಂಚು ಹಿಡಿದುಕೊಂಡು ಅವನ ಮೊಣಕಾಲಿನವರೆಗೆ ಹೋಯಿತು. ಅಲ್ಲಿ ನಿಂತು ಅವನ ಮುಖ ನೋಡಿತು, ಅಳಲಿಲ್ಲ. ಮುಂದಿನ ಬಸ್ಸನ್ನೂ ನಾವು ಬಿಟ್ಟೆವು.